ಬಂಡವಾಳ ಬಯಲಾಗುವ ಭಯ

ಸಾಫ್ಟ್‌ವೇರ್ ಕೆಲಸಕ್ಕೆ ಹಾಸನದಿಂದ ಜರ್ಮನಿಯ ಸ್ಟುಟ್‌ಗಾರ್ಟಿಗೆ ಬಂದು ಮೂರು ತಿಂಗಳಾಯಿತು, ಆಫೀಸಿನಲ್ಲಿ ಎಲ್ಲರೂ ನನಗಿಂತ ಬುದ್ಧಿವಂತರು, ಮೀಟಿಂಗಿನಲ್ಲಿ ಬಾಯಿ ಬಿಡೋಕೇ ಆಗೋದಿಲ್ಲ, ನನ್ನ ಬಂಡವಾಳ ಬಯಲಾದರೆ ವಾಪಸ್ ಕಳಿಸ್ತಾರೇನೋ, ಇಲ್ಲಿನ ಬದುಕು ಯಾವಾಗಲೂ ಹೀಗೇನಾ ಅಂತ ಕೇಳಿದ್ದೀರಿ. ನಾನೂ ಹಾಸನದವನೇ. ಇಲ್ಲಿಗೆ ಬಂದು ಬಹಳ ವರ್ಷವಾಯಿತು.

ಮೊದಲು ಕೆಲಸ ಹೋಗುವ ಮಾತು. ಇಲ್ಲಿ ಪ್ರೊಬೇಷನ್ ಹೆಚ್ಚೆಂದರೆ 6 ತಿಂಗಳು. ಅಷ್ಟರೊಳಗೆ 2 ವಾರದ ನೋಟಿಸ್ ಕೊಟ್ಟು ಕಳಿಸಬಹುದು, ಅದು ನಿಜ. 10ಕ್ಕಿಂತ ಜಾಸ್ತಿ ಜನ ಇರುವ ಕಂಪನಿಯಲ್ಲಿ 6 ತಿಂಗಳು ದಾಟಿದರೆ ಸುಮ್ನೆ ತೆಗೆಯೋಕೆ ಕಾನೂನು ಬಿಡೋದಿಲ್ಲ. ಒಂದು ವೇಳೆ ಕೆಲಸ ಹೋದರೂ ಮಾರನೇ ದಿನವೇ ವಿಮಾನ ಹತ್ತಿಸೋದಿಲ್ಲ. 2 ವಾರದೊಳಗೆ ವೀಸಾ ನೋಡಿಕೊಳ್ಳುವ ಕಚೇರಿಗೆ ತಿಳಿಸಬೇಕು. ಬೇರೆ ಕೆಲಸ ಹುಡುಕೋಕೆ ಸಾಮಾನ್ಯವಾಗಿ ಸಮಯ ಕೊಡುತ್ತಾರೆ.

ಇನ್ನು ಬಾಯಿ ಬಿಡದ ವಿಷಯ. ನಮ್ಮ ಕ್ಲಾಸುಗಳಲ್ಲಿ ಕೇಳದೆ ಮಾತಾಡಿದವನು ಅಧಿಕಪ್ರಸಂಗಿ, ಮೇಷ್ಟ್ರು ಹೆಸರು ಕರೆಯುವ ತನಕ ತಲೆ ತಗ್ಗಿಸಿ ಕೂತವನು ಒಳ್ಳೆ ಹುಡುಗ, ಅಲ್ವಾ? ಇಲ್ಲಿ ಹಾಗೆ ಕೂತರೆ ಇವನಿಗೆ ಹೇಳೋಕೆ ಏನೂ ಇಲ್ಲ ಅಂದುಕೊಳ್ಳುತ್ತಾರೆ. ಹೊಗಳೋದಂತೂ ಈ ಕಡೆಯವರಿಗೆ ಅಭ್ಯಾಸವೇ ಇಲ್ಲ. ಕೋಡ್ ನೋಡಿದವರು ಬರೆಯೋದು, ಈ ಸಾಲು ಬೇಡ, ಇದಕ್ಕೆ ಟೆಸ್ಟ್ ಎಲ್ಲಿ, ಈ ಹೆಸರು ಅರ್ಥ ಆಗ್ತಿಲ್ಲ, ಇಷ್ಟೇ. ನಿಮ್ಮ ಕೋಡಿನ ತುಂಬಾ ಕಾಮೆಂಟು ಬಂತು ಅಂತ ಬರೆದಿದ್ದೀರಲ್ಲ, ಪಕ್ಕದ ಸೀನಿಯರ್ ಕೋಡನ್ನೂ ತೆಗೆದು ನೋಡಿ. ಅಲ್ಲೂ ಇದೇ ಧಾಟಿ.

ಬಂಡವಾಳ ಬಯಲಾಗುವ ಈ ಭಯಕ್ಕೆ ಈಗ ಎಲ್ಲರೂ ಇಂಪಾಸ್ಟರ್ ಸಿಂಡ್ರೋಮ್ ಅನ್ನುತ್ತಾರೆ. 1978ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಇದರ ಬಗ್ಗೆ ಬರೆದಾಗ ಕಾಯಿಲೆ ಅಂತ ಹೇಳಿರಲಿಲ್ಲ. ಓದಿನಲ್ಲಿ, ಕೆಲಸದಲ್ಲಿ ಮುಂದಿದ್ದ ಹೆಂಗಸರೇ ತಮ್ಮನ್ನು ನಕಲಿ ಅಂದುಕೊಳ್ಳೋದನ್ನು ಅವರು ಕಂಡಿದ್ದರು. ಹಾಗಂತ ಎಲ್ಲವನ್ನೂ ಅದರ ತಲೆಗೆ ಕಟ್ಟಬೇಡಿ. ಜರ್ಮನ್ ಬಾರದಿರೋದು ಭ್ರಮೆಯಲ್ಲ, ಅದು ನಿಜವಾದ ಕೊರತೆ. ಫೋಕ್ಸ್‌ಹೋಖ್‌ಶೂಲೆ ಅಂತ ದೊಡ್ಡವರಿಗೆ ಪಾಠ ಹೇಳುವ ಸಾರ್ವಜನಿಕ ಶಾಲೆ ಇದೆ, ಅಲ್ಲಿ ಸಂಜೆ ಜರ್ಮನ್ ಕ್ಲಾಸಿಗೆ ಸೇರಿಕೊಳ್ಳಿ.

ಮನೆಗೆ ಫೋನ್ ಮಾಡಿದಾಗ ‘ಎಲ್ಲ ಸೂಪರ್’ ಅನ್ನೋದನ್ನೂ ನಿಲ್ಲಿಸಿ. ಹಾಸನಾಂಬೆ ಬಾಗಿಲು ತೆಗೆದಾಗ ಕ್ಯೂನಲ್ಲಿ ಸಿಕ್ಕ ನೆಂಟರಿಗೆಲ್ಲ ಮನೆಯವರು ನಿಮ್ಮ ಪ್ಯಾಕೇಜ್ ಹೇಳಿಕೊಂಡು ಬರುತ್ತಾರೆ, ಆಮೇಲೆ ಆ ಭಾರವೂ ನಿಮ್ಮ ಮೇಲೇ.

ಈ ವಾರವೇ ಮ್ಯಾನೇಜರ್ ಹತ್ತಿರ ಅರ್ಧ ಗಂಟೆ ಟೈಮ್ ಕೇಳಿ. ‘ಪ್ರೊಬೇಷನ್ ಮುಗಿಯೋದರೊಳಗೆ ನಾನು ಏನು ಸರಿಮಾಡಿಕೊಳ್ಳಬೇಕು?’ ಅಂತ ನೇರವಾಗಿ ಕೇಳಿಬಿಡಿ. ಮುಖಸ್ತುತಿ ಮಾಡದ ಜನ, ಅವರ ಉತ್ತರವನ್ನು ನಂಬಬಹುದು. ಏನಂದರು ಅಂತ ನನಗೂ ತಿಳಿಸಿ.