ಅಮೆರಿಕದಲ್ಲಿ ಮೆನಿಂಜೈಟಿಸ್ ಇಳಿದರೂ ಅದರಿಂದ ಸಾಯುವವರ ಶೇಕಡಾವಾರು ಏಕೆ ಇಳಿದಿಲ್ಲ?

ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್ (ಮಿದುಳು, ಬೆನ್ನುಹುರಿಗಳ ಹೊದಿಕೆಯ ಉರಿಯೂತ) ಅಮೆರಿಕದಲ್ಲಿ ದಶಕಗಳಿಂದ ಇಳಿಯುತ್ತಾ ಬಂದಿದೆ, ಆದರೆ ರೋಗ ತಗುಲಿದವರಲ್ಲಿ ಸಾಯುವವರ ಪ್ರಮಾಣ ಹೆಚ್ಚುಕಡಿಮೆ ಅಲ್ಲೇ ನಿಂತಿದೆ, ಹಾಗಾದರೆ ಚಿಕಿತ್ಸೆ ಸುಧಾರಿಸಲೇ ಇಲ್ಲವೇ ಎಂದು ಕೇಳಿದ್ದೀರಿ. ರೋಗಗಳ ಅಂಕಿಅಂಶ ನೋಡುವುದೇ ನನ್ನ ಹೊಟ್ಟೆಪಾಡು. ವೈದ್ಯರನ್ನು ದೂರುವ ಮೊದಲು ರೋಗಿಗಳ ವಯಸ್ಸು ನೋಡಿ ಎಂಬುದು ನನ್ನ ಉತ್ತರ.

1986ರಲ್ಲಿ ಈ ರೋಗಿಗಳನ್ನು ವಯಸ್ಸಿನ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದ್ದರೆ ನಟ್ಟನಡುವೆ ಸಿಗುತ್ತಿದ್ದುದು 15 ತಿಂಗಳ ಕೂಸು. 1995ರಲ್ಲಿ ಅದೇ ಜಾಗದಲ್ಲಿ 25 ವರ್ಷದವರು. ನಡುವೆ ಆದದ್ದು ಹಿಬ್ ಲಸಿಕೆ. ಹಿಬ್ ಎಂದರೆ ಮುಖ್ಯವಾಗಿ ಪುಟ್ಟ ಮಕ್ಕಳಿಗೆ ಮೆನಿಂಜೈಟಿಸ್ ತರುತ್ತಿದ್ದ ಒಂದು ಬ್ಯಾಕ್ಟೀರಿಯಾ. 1990ರಿಂದ ಅದನ್ನು ಶಿಶುಗಳಿಗೂ ಕೊಡತೊಡಗಿದರು, ಒಟ್ಟು ಪ್ರಕರಣಗಳು ಅರ್ಧಕ್ಕಿಂತ ಕೆಳಗಿಳಿದವು. 2000ದಲ್ಲಿ ಈ ರೋಗ ತರುವ ಇನ್ನೊಂದು ಬ್ಯಾಕ್ಟೀರಿಯಾ ನ್ಯೂಮೊಕಾಕಸ್ ವಿರುದ್ಧದ ಲಸಿಕೆಯೂ ಬಂತು. 1998-99ರಲ್ಲಿ ಲಕ್ಷಕ್ಕೆ 2 ಇದ್ದ ಪ್ರಕರಣಗಳು 2006-07ಕ್ಕೆ 1.38 ಆದವು. ಸಾವಿನ ಪ್ರಮಾಣ ಮಾತ್ರ ಶೇ 15.7ರಿಂದ 14.3, ಅಷ್ಟೇ.

ಈಗ ಒಂದು ಲೆಕ್ಕ ಹಾಕೋಣ. 2003ರಿಂದ 2007ರವರೆಗಿನ ಅಂಕಿಅಂಶದಲ್ಲಿ ಮಕ್ಕಳಲ್ಲಿ ಸಾವು ಸುಮಾರು ಶೇ 7, ದೊಡ್ಡವರಲ್ಲಿ ಶೇ 16. ಒಂದು ಊರಿನಲ್ಲಿ 80 ಮಕ್ಕಳಿಗೆ, 20 ದೊಡ್ಡವರಿಗೆ ರೋಗ ಬಂತು ಎನ್ನಿ: ಸಾಯುವವರು ಸುಮಾರು 9. ಲಸಿಕೆ 60 ಮಕ್ಕಳನ್ನು ಉಳಿಸಿತು ಎನ್ನಿ. ಉಳಿದ 40 ರೋಗಿಗಳಲ್ಲಿ ಸಾಯುವವರು 5ಕ್ಕಿಂತ ಕಡಿಮೆ. ಸಾವುಗಳು ಸರಿಸುಮಾರು ಅರ್ಧವಾದವು, ಶೇಕಡಾವಾರು ಮಾತ್ರ 9ರಿಂದ 11ರಾಚೆಗೆ ಏರಿತು! ಒಬ್ಬ ವೈದ್ಯರೂ ಕೆಟ್ಟದಾಗಿ ಚಿಕಿತ್ಸೆ ಮಾಡಿಲ್ಲ. 65 ದಾಟಿದವರಲ್ಲಂತೂ ಸಾವು ಶೇ 22.7 ಇತ್ತು. ಇಂಥವರ ಪಾಲು ಹೆಚ್ಚಿದಷ್ಟೂ ಸರಾಸರಿ ಇಳಿಯಲು ಒಪ್ಪುವುದಿಲ್ಲ.

ಚಿಕಿತ್ಸೆ ಸುಧಾರಿಸಿಲ್ಲ ಎನ್ನುವುದೂ ಸರಿಯಲ್ಲ. ಆಂಟಿಬಯಾಟಿಕ್ ಜೊತೆ ಉರಿಯೂತ ತಗ್ಗಿಸುವ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರೆ ದೊಡ್ಡವರಲ್ಲಿ ಸಾವು ಕಡಿಮೆಯಾಗುತ್ತದೆ ಎಂದು 2002ರಲ್ಲಿ ಯುರೋಪಿನ ಪ್ರಯೋಗವೊಂದು ತೋರಿಸಿತು.

ಇಳಿಕೆಯ ಗೆರೆಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಪರೀಕ್ಷೆಗೆಂದು ಬೆನ್ನಿನ ನೀರು ತೆಗೆಯುವ ಮೊದಲೇ ಆಂಟಿಬಯಾಟಿಕ್ ಕೊಟ್ಟಿದ್ದರೆ ಕಲ್ಚರ್‌ನಲ್ಲಿ (ಆ ನೀರಿನಿಂದ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಏನೂ ಬೆಳೆಯದೆ, ಆ ರೋಗಿ ಪಟ್ಟಿಯಿಂದಲೇ ಜಾರಿಹೋಗಬಹುದು. ರೋಗಾಣುವೂ ಸುಮ್ಮನಿರುವುದಿಲ್ಲ: ಮೊದಲ ನ್ಯೂಮೊಕಾಕಸ್ ಲಸಿಕೆಯಲ್ಲಿ ಇಲ್ಲದಿದ್ದ 19ಎ ಎಂಬ ಬಗೆ ತಲೆಯೆತ್ತಿತು, ಅದನ್ನೂ ಸೇರಿಸಿಕೊಂಡ 13 ಬಗೆಗಳ ಲಸಿಕೆ 2010ರಲ್ಲಿ ಬಂತು.

ಎರಡು ತಿಂಗಳೊಳಗಿನ ಶಿಶುಗಳನ್ನು ಬೇರೆಯಾಗಿಯೇ ನೋಡಿ. 1998ರಿಂದ 2007ರವರೆಗೆ ಅವರಲ್ಲಿ ಇಳಿಕೆ ಕಾಣಲಿಲ್ಲ. ಈ ಲಸಿಕೆಗಳು ಶುರುವಾಗುವುದೇ ಎರಡನೇ ತಿಂಗಳಿಗೆ. ಅಲ್ಲಿ ಮುಖ್ಯ ಶತ್ರು ಬಿ ಗುಂಪಿನ ಸ್ಟ್ರೆಪ್ಟೊಕಾಕಸ್ ಎಂಬ ಬೇರೊಂದು ಬ್ಯಾಕ್ಟೀರಿಯಾ. ಹೆರಿಗೆ ಸಮಯದಲ್ಲಿ ತಾಯಿಗೆ ಕೊಡುವ ಆಂಟಿಬಯಾಟಿಕ್ ಮೊದಲ ವಾರದ ಸೋಂಕನ್ನು ತಡೆಯುತ್ತದೆ, ಆಮೇಲೆ ಬರುವುದನ್ನು ತಡೆಯುವುದಿಲ್ಲ.