ದಿನಾ ಆಳವಾಗಿ ಉಸಿರಾಡಿದರೆ ತೂಕ ಇಳಿಯುತ್ತದಾ?

ದಿನಾ ಹದಿನೈದು ನಿಮಿಷ ಆಳವಾಗಿ ಉಸಿರಾಡಿದರೆ ಹೊಟ್ಟೆಯ ಕೊಬ್ಬು ಕರಗುತ್ತೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ, ನಿಜವಾ, ಊಟ ಆದ ಮೇಲೂ ಮಾಡಬಹುದಾ ಎಂದು ಕೇಳಿದ್ದೀರಿ. ನೇರವಾಗಿ ಹೇಳುತ್ತೇನೆ. ಬರೀ ಉಸಿರಾಟದಿಂದ ಕೊಬ್ಬು ಕರಗುವುದಿಲ್ಲ. ಹಾಗಂತ ಅಭ್ಯಾಸ ಬಿಡಬೇಡಿ. ನಾನು ಸುಮಾರು ವರ್ಷಗಳಿಂದ ಮಾಡುತ್ತಿದ್ದೇನೆ, ಅದರಿಂದ ನನಗೆ ನಿಜವಾಗಿ ಉಪಕಾರವಾಗಿದೆ. ಆದರೆ ಆ ಉಪಕಾರ ಆಗಿದ್ದು ವಿಡಿಯೋದವರು ಹೇಳುವ ರೀತಿಯಲ್ಲಲ್ಲ.

ಮೊದಲು ಕೊಬ್ಬಿನ ವಿಷಯ. ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆ? ಬೆವರಾಗಿ ಹೋಗುತ್ತದೆ, ಶಾಖವಾಗಿ ಹೋಗುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಅದರ ಹೆಚ್ಚಿನ ಪಾಲು ಹೋಗುವುದು ಉಸಿರಿನಲ್ಲೇ. ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ ಎಂಬ ಇಬ್ಬರು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದರ ಲೆಕ್ಕ ಕೊಟ್ಟಿದ್ದರು: 10 ಕಿಲೋ ಕೊಬ್ಬು ಪೂರ್ತಿ ಉರಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಹೊರಗೆ ಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಇದನ್ನು ಕೇಳಿದ ಕೂಡಲೇ, ಹಾಗಾದರೆ ಜಾಸ್ತಿ ಉಸಿರು ಬಿಟ್ಟರೆ ಜಾಸ್ತಿ ಕೊಬ್ಬು ಹೋಗಬೇಕಲ್ವಾ ಅಂತ ಅನಿಸುವುದು ಸಹಜ. ಅಲ್ಲೇ ಎಲ್ಲರೂ ದಾರಿ ತಪ್ಪುವುದು.

ಎಷ್ಟು ಕೊಬ್ಬು ಉರಿಯಬೇಕು ಎಂದು ತೀರ್ಮಾನಿಸುವುದು ಶ್ವಾಸಕೋಶ ಅಲ್ಲ, ಜೀವಕೋಶಗಳು. ನೀವು ಮೆಟ್ಟಿಲು ಹತ್ತಿದಾಗ ಕಾಲಿನ ಸ್ನಾಯುಗಳಿಗೆ ಶಕ್ತಿ ಬೇಕು, ಅವು ಇಂಧನ ಉರಿಸುತ್ತವೆ, ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗುತ್ತದೆ, ಅದನ್ನು ಹೊರಹಾಕಲು ಉಸಿರು ತಾನಾಗಿ ಏರುತ್ತದೆ. ಅಂದರೆ ಕೆಲಸ ಮೊದಲು, ಉಸಿರು ಆಮೇಲೆ. ಕೂತಲ್ಲೇ ಜೋರಾಗಿ ಉಸಿರಾಡಿದರೆ ಕೊಬ್ಬು ಉರಿಯುವುದಿಲ್ಲ, ರಕ್ತದಲ್ಲಿ ಆಗಲೇ ಇದ್ದ ಇಂಗಾಲದ ಡೈಆಕ್ಸೈಡ್ ಮಾತ್ರ ಖಾಲಿಯಾಗುತ್ತದೆ. ಆಗ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆ ಸುತ್ತುತ್ತದೆ, ಬೆರಳ ತುದಿ ಮತ್ತು ತುಟಿ ಜುಮ್ ಅನ್ನುತ್ತವೆ. ಕೆಲವರು ಇದನ್ನೇ ದೇಹಕ್ಕೆ ಆಮ್ಲಜನಕ ತುಂಬಿದ ಲಕ್ಷಣ ಎನ್ನುತ್ತಾರೆ. ಅಲ್ಲವೇ ಅಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ನಲ್ಲಿ ನೋಡಿ, ಆರೋಗ್ಯವಂತರಿಗೆ ಸುಮ್ನೆ ಕೂತಾಗಲೂ 95ಕ್ಕಿಂತ ಮೇಲೇ ಇರುತ್ತದೆ. ಇನ್ನೂ ತುಂಬುವುದಕ್ಕೆ ಹೆಚ್ಚು ಜಾಗವೇ ಇಲ್ಲ.

ಹಾಗಾದರೆ ಆಳವಾಗಿ ಉಸಿರಾಡಿ ಏನು ಪ್ರಯೋಜನ? ಇಲ್ಲಿ ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ನನಗೆ ತುಂಬಾ ಇಷ್ಟವಾದದ್ದು. ಪ್ರತಿ ಉಸಿರಿನಲ್ಲೂ ಸುಮಾರು 150 ಮಿಲಿಲೀಟರ್ ಗಾಳಿ ಮೂಗು, ಗಂಟಲು, ಶ್ವಾಸನಾಳದಲ್ಲೇ ಉಳಿಯುತ್ತದೆ, ರಕ್ತದ ಹತ್ತಿರ ಹೋಗುವುದೇ ಇಲ್ಲ. ಗಾಬರಿಯಲ್ಲಿ ನಿಮಿಷಕ್ಕೆ 24 ಸಲ, ಸಲಕ್ಕೆ 250 ಮಿಲಿಲೀಟರ್ ಎಳೆದುಕೊಂಡರೆ ಒಟ್ಟು ಆರು ಲೀಟರ್ ಗಾಳಿ ಆಡಿದ ಹಾಗಾಯಿತು, ಕೆಲಸಕ್ಕೆ ಬಂದದ್ದು 2.4 ಲೀಟರ್ ಮಾತ್ರ. ಅದೇ ಆರು ಲೀಟರನ್ನು ನಿಧಾನವಾಗಿ 6 ಸಲ, ಸಲಕ್ಕೆ ಒಂದು ಲೀಟರ್‌ನಂತೆ ತೆಗೆದುಕೊಂಡರೆ 5.1 ಲೀಟರ್ ಕೆಲಸಕ್ಕೆ ಬರುತ್ತದೆ. ಎದೆಯ ಮೇಲ್ಭಾಗದಲ್ಲೇ ಪಟಪಟ ಉಸಿರಾಡುವುದು ಎಷ್ಟು ದಂಡ ನೋಡಿ.

ಆದರೆ ಇದಕ್ಕಿಂತ ದೊಡ್ಡ ಲಾಭ ನರಗಳದ್ದು. ಮಣಿಕಟ್ಟಿನಲ್ಲಿ, ಹೆಬ್ಬೆರಳ ಬುಡದ ಕೆಳಗೆ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ನಿಧಾನವಾಗಿ ಉಸಿರು ಎಳೆದುಕೊಳ್ಳುವಾಗ ಬಡಿತ ಸ್ವಲ್ಪ ಚುರುಕಾಗುತ್ತದೆ, ಬಿಡುವಾಗ ಒಂದು ಬಡಿತಕ್ಕೂ ಇನ್ನೊಂದಕ್ಕೂ ಅಂತರ ಹಿಗ್ಗುತ್ತದೆ. ಉಸಿರು ಬಿಡುವಾಗ, ಮಿದುಳಿನಿಂದ ಹೃದಯದ ಕಡೆ ಇಳಿಯುವ ವೇಗಸ್ ಎಂಬ ನರ ಹೃದಯಕ್ಕೆ ನಿಧಾನ ಎಂದು ಹೇಳುತ್ತಿರುತ್ತದೆ, ನಿಮ್ಮ ಬೆರಳಿಗೆ ಸಿಗುವುದು ಅದೇ. ವಯಸ್ಸಾದಂತೆ ಈ ವ್ಯತ್ಯಾಸ ಕಡಿಮೆಯಾಗುತ್ತದೆ, ಹಾಗಾಗಿ ಗೊತ್ತಾಗದಿದ್ದರೆ ಹೆದರಬೇಡಿ. ಉಸಿರು ಬಿಡುವ ಹೊತ್ತನ್ನು ಉದ್ದ ಮಾಡಿದರೆ ಮೈಯ ಗಾಬರಿ ಇಳಿಯುವುದು ಈ ದಾರಿಯಿಂದ. 2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ದಿನಕ್ಕೆ ಐದು ನಿಮಿಷದಂತೆ ಒಂದು ತಿಂಗಳು ಬೇರೆ ಬೇರೆ ಉಸಿರಾಟ ಮತ್ತು ಧ್ಯಾನವನ್ನು ಹೋಲಿಸಿ ನೋಡಿದಾಗ, ಉದ್ದವಾಗಿ ಉಸಿರು ಬಿಡುವ ಗುಂಪಿನವರ ಮನಸ್ಸೇ ಹೆಚ್ಚು ಹಗುರವಾಗಿತ್ತು.

ಈಗ ತೂಕಕ್ಕೆ ಬರೋಣ. ನಮ್ಮಲ್ಲಿ ಎಷ್ಟೋ ಜನ ತಿನ್ನುವುದು ಹಸಿವಿಗಲ್ಲ. ಕೆಲಸದ ಒತ್ತಡ, ಬೇಜಾರು, ಯಾರೋ ಏನೋ ಅಂದದ್ದು, ಇವಕ್ಕೆಲ್ಲ ಬಾಯಿ ಆಡಿಸುತ್ತೇವೆ. ಸಂಜೆ ಕೆಲಸ ಮುಗಿಸಿ ಬಂದ ಕೂಡಲೇ ಕೈ ಡಬ್ಬಿಯ ಕಡೆ ಹೋಗುತ್ತದಲ್ಲ, ನಾನು ಉಸಿರಾಟವನ್ನು ಬಳಸುವುದು ಆ ಹೊತ್ತಿನಲ್ಲಿ. ಡಬ್ಬಿ ತೆಗೆಯುವ ಮೊದಲು ಕೂತು ಎರಡು ಮೂರು ನಿಮಿಷ ನಿಧಾನವಾಗಿ ಉಸಿರಾಡುತ್ತೇನೆ. ಆಮೇಲೂ ಹಸಿವಿದ್ದರೆ ತಿನ್ನುತ್ತೇನೆ, ಅದರಲ್ಲಿ ತಪ್ಪೇನಿಲ್ಲ. ಎಷ್ಟೋ ಸಲ ಬೇಕಾಗಿದ್ದು ತಿಂಡಿ ಅಲ್ಲ, ಸ್ವಲ್ಪ ಬಿಡುವು ಎಂದು ಗೊತ್ತಾಗುತ್ತದೆ. ಇನ್ನೊಂದು ನಿದ್ದೆ. ನಿದ್ದೆ ಕಡಿಮೆಯಾದರೆ ಮರುದಿನ ಹಸಿವು ಜಾಸ್ತಿ, ಅದೂ ಸಿಹಿ ಮತ್ತು ಕರಿದದ್ದರ ಮೇಲೇ ಆಸೆ. ಮಲಗುವ ಮುಂಚೆ ಹತ್ತು ನಿಮಿಷ ಮಾಡಿದರೆ ನನಗೆ ನಿದ್ದೆ ಬೇಗ ಹತ್ತುತ್ತದೆ. ತೂಕಕ್ಕೆ ಉಸಿರಾಟದಿಂದ ಆಗುವ ಸಹಾಯ ಇಷ್ಟೇ. ಇದು ಸಣ್ಣದಲ್ಲ, ಆದರೆ ನಡಿಗೆ ಮತ್ತು ಊಟದ ಹಿಡಿತಕ್ಕೆ ಬದಲಿಯೂ ಅಲ್ಲ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಸುಮ್ನೆ ಕೂತಾಗ ಉಸಿರಾಟದ ಸ್ನಾಯುಗಳು ಖರ್ಚು ಮಾಡುವುದು ದೇಹದ ಒಟ್ಟು ಖರ್ಚಿನಲ್ಲಿ ನೂರಕ್ಕೆ ಐದು ಪಾಲಿಗಿಂತ ಕಡಿಮೆ. ಲೆಕ್ಕ ನೀವೇ ಹಾಕಿ.

ಮಾಡುವ ಬಗೆ ಸುಲಭ. ಶುರುವಿನಲ್ಲಿ ಅಂಗಾತ ಮಲಗಿ ಮಂಡಿ ಮಡಚಿ, ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಕ್ಕುಳ ಮೇಲೆ ಇಡಿ. ಮೂಗಿನಿಂದ ಉಸಿರು ಎಳೆದುಕೊಂಡಾಗ ಕೆಳಗಿನ ಕೈ ಏರಬೇಕು, ಎದೆಯ ಮೇಲಿನದು ಹೆಚ್ಚುಕಡಿಮೆ ಇದ್ದಲ್ಲೇ ಇರಬೇಕು. ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದ ಹಾಗೆ ಕೂತಿರುವ ವಪೆ ಎಂಬ ಸ್ನಾಯು ಕೆಳಗೆ ಇಳಿದು ಹೊಟ್ಟೆಯನ್ನು ಮುಂದಕ್ಕೆ ತಳ್ಳುವುದರಿಂದ ಹಾಗಾಗುತ್ತದೆ. ನಾಲ್ಕು ಸೆಕೆಂಡ್ ಒಳಗೆ, ಆರು ಸೆಕೆಂಡ್ ಹೊರಗೆ. ನಿಮಿಷಕ್ಕೆ ಆರು ಉಸಿರಾಯಿತು. ಮಾಮೂಲಾಗಿ ದೊಡ್ಡವರು 12ರಿಂದ 20 ಸಲ ಉಸಿರಾಡುತ್ತಾರೆ, ಹಾಗಾಗಿ ಒಮ್ಮೆಲೇ ಆರಕ್ಕೆ ಇಳಿಸುವುದು ಕಷ್ಟ ಅನಿಸಬಹುದು. ಆಗ ಮೂರು ಒಳಗೆ, ನಾಲ್ಕು ಹೊರಗೆ ಎಂದು ಶುರು ಮಾಡಿ. ಭುಜ ಎತ್ತಬೇಡಿ, ಎದೆ ಬಿರಿಯುವ ಹಾಗೆ ತುಂಬಿಸಬೇಡಿ. ತಲೆ ಹಗುರ ಅನಿಸಿದರೆ ನಿಲ್ಲಿಸಿ, ಮಾಮೂಲಿ ಉಸಿರಿಗೆ ಬನ್ನಿ.

ಬಿಪಿ ಇರುವವರು ಇಲ್ಲಿ ಓದುತ್ತಿದ್ದರೆ ಒಂದು ಮಾತು. ನಿಧಾನದ ಉಸಿರಾಟದಿಂದ ಬಿಪಿ ಸ್ವಲ್ಪ ಇಳಿಯುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2013ರಲ್ಲಿ, ಉಸಿರಿನ ಲಯ ಹೇಳಿಕೊಡುವ ಸಾಧನಗಳನ್ನು ಚಿಕಿತ್ಸೆಯ ಜೊತೆಗೆ ಬಳಸಬಹುದು ಎಂದಿತ್ತು. ಜೊತೆಗೆ ಎನ್ನುವುದನ್ನು ಮರೆಯಬೇಡಿ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ಬೇಡವೇ ಬೇಡ. ಹೊಟ್ಟೆಯನ್ನು ಒಳಕ್ಕೆಳೆದು ರಭಸವಾಗಿ ಉಸಿರು ಬಿಡುವ ಕಪಾಲಭಾತಿಯಂಥದ್ದನ್ನು ಗರ್ಭಿಣಿಯರು, ಬಿಪಿ ಹತೋಟಿಯಲ್ಲಿ ಇಲ್ಲದವರು, ಹರ್ನಿಯಾ ಇರುವವರು ಮಾಡಬಾರದು. ತೂಕ ಜಾಸ್ತಿ ಇದ್ದು, ರಾತ್ರಿ ಜೋರಾಗಿ ಗೊರಕೆ ಹೊಡೆದು, ಹಗಲೆಲ್ಲ ತೂಕಡಿಕೆ ಬರುತ್ತಿದ್ದರೆ ಅದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಆಗಾಗ ನಿಂತು ಹೋಗುವ ತೊಂದರೆ ಇರಬಹುದು. ಅದನ್ನು ಇಂಥ ಅಭ್ಯಾಸದಲ್ಲಿ ಸರಿಮಾಡಿಕೊಳ್ಳಲು ಹೋಗದೆ ತೋರಿಸಿಕೊಳ್ಳಿ.

ಊಟ ಆದ ಮೇಲೆ ಮಾಡಬಹುದಾ ಅಂತ ಕೇಳಿದ್ದಿರಲ್ಲ. ಹೊಟ್ಟೆ ತುಂಬಿದಾಗ ವಪೆ ಕೆಳಗೆ ಇಳಿಯಲು ಜಾಗ ಕಡಿಮೆ, ಆರಾಮ ಅನಿಸುವುದಿಲ್ಲ. ಮಲಗಿ ಮಾಡಿದರಂತೂ ಹುಳಿತೇಗು ಬರಬಹುದು. ಒಂದೆರಡು ಗಂಟೆ ಬಿಟ್ಟು ಮಾಡಿ. ಇಲ್ಲವಾದರೆ ಊಟಕ್ಕೆ ಕೂರುವ ಮುಂಚೆಯೇ ಐದು ನಿಮಿಷ ಮಾಡಿ. ನಾನಂತೂ ಹಾಗೇ ಮಾಡುವುದು, ಆಗ ಊಟವೂ ನಿಧಾನವಾಗುತ್ತದೆ, ಬಡಿಸಿಕೊಳ್ಳುವುದೂ ಕಡಿಮೆಯಾಗುತ್ತದೆ.