ಜ್ವರ ಬಂದರೆ ಮೆಂಬರಿಗೆ ಫೋನ್ ಯಾಕೆ? ಕಾಸರಗೋಡಿನಿಂದ ಉತ್ತರ

ಮನೆಯಲ್ಲಿ ಇಬ್ಬರು ಜ್ವರದಲ್ಲಿ ಮಲಗಿದರೆ ಡಾಕ್ಟರರ ಹತ್ತಿರ ಹೋಗುವುದು ಸರಿ, ಪಂಚಾಯತ್ ಮೆಂಬರಿಗೆ ಯಾಕೆ ಹೇಳಬೇಕು ಎಂದು ಕೇಳಿದ್ದೀರಿ. ಘಟ್ಟದ ಮೇಲಿನವರಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ಒಂದೇ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಊರಿನ ಸರಕಾರಿ ಆಸ್ಪತ್ರೆ ಪಂಚಾಯತಿನದ್ದು. ಸ್ವಲ್ಪ ಬಿಡಿಸಿ ಹೇಳಿದರೆ ಅದರೊಳಗೆ ಮಂಗಳೂರೂ ಬರುತ್ತದೆ, ಅಡಿಕೆ ಹಾಳೆಯೂ ಬರುತ್ತದೆ.

ಕರ್ನಾಟಕದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಲಗಾಮು ಇರುವುದು ತಾಲೂಕು ಮತ್ತು ಜಿಲ್ಲಾ ಮಟ್ಟದಲ್ಲಿ. ಕೇರಳದಲ್ಲಿ 1996ರ ಜನಕೀಯ ಯೋಜನೆಯ (ಊರಿನ ಯೋಜನೆಯನ್ನು ಊರಿನವರೇ ಮಾಡುವ ಪದ್ಧತಿ) ಹೊತ್ತಿಗೆ ಅದನ್ನು ಗ್ರಾಮ ಪಂಚಾಯತಿಗೆ ಒಪ್ಪಿಸಿದರು. ಡಾಕ್ಟರರ ಸಂಬಳ, ವರ್ಗಾವಣೆ ಈಗಲೂ ಇಲಾಖೆಯದ್ದೇ. ಆದರೆ ಕಟ್ಟಡ ರಿಪೇರಿ, ಸಂಜೆ ಒಪಿಗೆ (ಹೊರರೋಗಿಗಳ ತಪಾಸಣೆಗೆ) ಬೇಕಾದ ಹೆಚ್ಚುವರಿ ಡಾಕ್ಟರ್, ಕೊರತೆ ಬಿದ್ದ ಮದ್ದು, ಹಾಸಿಗೆ ಹಿಡಿದವರ ಮನೆಮನೆಗೆ ಹೋಗುವ ಪಾಲಿಯೇಟಿವ್ ನರ್ಸ್, ಇವೆಲ್ಲ ಪಂಚಾಯತಿನ ತಲೆಗೆ. ಪಂಚಾಯತಿನ ಆರೋಗ್ಯ ಯೋಜನೆಗಳಿಗೆ ಮೆಡಿಕಲ್ ಆಫೀಸರೇ ನಿರ್ವಹಣಾಧಿಕಾರಿ. ಆಸ್ಪತ್ರೆ ನಿರ್ವಹಣಾ ಸಮಿತಿಯ ಕುರ್ಚಿಯಲ್ಲಿ ಪಂಚಾಯತ್ ಅಧ್ಯಕ್ಷರು, ಪಕ್ಕದಲ್ಲಿ ಕಾರ್ಯದರ್ಶಿಯಾಗಿ ಡಾಕ್ಟರ್. ಹೀಗೆ ಡಾಕ್ಟರಿಗೆ ಇಬ್ಬರು ಯಜಮಾನರು: ಕಾಞಂಗಾಡಿನ ಜಿಲ್ಲಾ ಮೆಡಿಕಲ್ ಆಫೀಸು ಮತ್ತು ಊರಿನ ಪಂಚಾಯತ್ ಕಚೇರಿ. 2023ರ ಕೇರಳ ಸಾರ್ವಜನಿಕ ಆರೋಗ್ಯ ಕಾಯ್ದೆಯಲ್ಲೂ ಸ್ಥಳೀಯ ಸಮಿತಿಯ ಮೇಲ್ತುದಿಯಲ್ಲಿ ಚುನಾಯಿತರನ್ನೇ ಕೂರಿಸಿದ್ದಾರೆ. ಅದಕ್ಕೆ ಮೊದಲು ನಮ್ಮಲ್ಲಿ ನಡೆಯುತ್ತಿದ್ದುದು 1939ರ ಮದ್ರಾಸ್ ಕಾನೂನು. ಕಾಸರಗೋಡು 1956ರ ತನಕ ಮದ್ರಾಸಿನ ಕೆಳಗಿದ್ದ ದಕ್ಷಿಣ ಕನ್ನಡದ ತಾಲೂಕಾಗಿದ್ದುದರ ಬಾಲ ಅದು.

ವಾರ್ಡಿಗೆ ಇಳಿದರೆ ನಾಲ್ಕು ಜನ ಮುಖ್ಯ. ಮೆಂಬರ್, ಆಶಾ, ಉಪಕೇಂದ್ರದ ಸಿಸ್ಟರ್ (ಕಾಗದದಲ್ಲಿ ಜೆಪಿಎಚ್‌ಎನ್), ಮತ್ತೆ ಜೆಎಚ್‌ಐ, ಅಂದರೆ ಕಿರಿಯ ಹೆಲ್ತ್ ಇನ್‌ಸ್ಪೆಕ್ಟರ್. ವಾರ್ಡ್ ಆರೋಗ್ಯ ನೈರ್ಮಲ್ಯ ಸಮಿತಿಗೆ ಮೆಂಬರ್ ಅಧ್ಯಕ್ಷ, ಸಿಸ್ಟರ್ ಅಥವಾ ಜೆಎಚ್‌ಐ ಸಂಚಾಲಕ, ಬ್ಯಾಂಕ್ ಖಾತೆ ಇಬ್ಬರ ಸಹಿಯಲ್ಲಿ. ವರ್ಷವರ್ಷ ವಾರ್ಡಿಗೆ ಹಣ ಬರುವುದು ಮೂರು ಕಡೆಯಿಂದ: ರಾಷ್ಟ್ರೀಯ ಆರೋಗ್ಯ ಮಿಷನ್, ಕೇರಳ ಸರಕಾರದ ನೈರ್ಮಲ್ಯ ಸಂಸ್ಥೆಯಾದ ಶುಚಿತ್ವ ಮಿಷನ್, ಪಂಚಾಯತಿನ ಸ್ವಂತ ನಿಧಿ. ಮೂರು ಕಡೆಯ ಹಣ ಒಟ್ಟಿಗೆ ಬರುವುದಿಲ್ಲ. ಹೋದ ವರ್ಷದ ಖರ್ಚಿನ ಪ್ರಮಾಣಪತ್ರ ಯಾರದ್ದೋ ಮೇಜಿನಲ್ಲಿ ಉಳಿದರೆ ಈ ವರ್ಷದ ಕಂತು ತಡೆಯುತ್ತದೆ. ಮೇ ತಿಂಗಳಲ್ಲಿ ತೋಡು (ಸಣ್ಣ ಹಳ್ಳ) ಬಿಡಿಸಲು, ಪೊದೆ ಕಡಿಸಲು ಬೇಕಾದ ದುಡ್ಡು ಆಗಸ್ಟಿನಲ್ಲಿ ಕೈಗೆ ಸಿಕ್ಕಿ ಏನು ಪ್ರಯೋಜನ? ಆ ಹೊತ್ತಿಗೆ ಮಳೆಯೇ ತೋಡು ತೊಳೆದಿರುತ್ತದೆ.

ಇನ್ನು ಸುದ್ದಿ ಹೇಗೆ ಬರುತ್ತದೆ ಎಂಬುದು. ಒಪಿಯಲ್ಲಿ ಕಂಡ ಜ್ವರ, ಭೇದಿ, ಕಾಮಾಲೆಗಳ ಸಂಖ್ಯೆ ಪೋರ್ಟಲ್ ಮೂಲಕ ಜಿಲ್ಲೆಗೆ ಹೋಗುತ್ತದೆ. ಅಲ್ಲಿಂದ ಪಟ್ಟಿಯಾಗಿ ಇಳಿದು ಬರುವಾಗ ಅದರಲ್ಲಿ ಇರುವುದು ಪಂಚಾಯತಿನ ಹೆಸರು. ಮೆಂಬರಿಗೆ ಬೇಕಾದ್ದು ವಾರ್ಡು, ಇನ್ನೂ ಹೇಳಿದರೆ ಯಾವ ತೋಟದ ಬದಿಯ ಮನೆ ಎಂಬುದು. ‘ಪೈವಳಿಕೆಯಲ್ಲಿ ಡೆಂಗಿ’ ಎಂದರೆ ಅದೇ ಪಂಚಾಯತಿನ ಬಾಯಾರು ಊರಿನ ಮೆಂಬರ್ ಎಲ್ಲಿಗೆ ಓಡಬೇಕು? ಪಟ್ಟಿಯನ್ನು ವಾರ್ಡಿಗೆ ಒಡೆದು ಕೊಡುವ ಕೆಲಸ ಜೆಎಚ್‌ಐಯದ್ದು. ಚೆನ್ನಾಗಿ ನಡೆಯುವ ಪಂಚಾಯತಿನಲ್ಲಿ ಅವರು ಅದೇ ದಿನ ಫೋನ್ ಮಾಡುತ್ತಾರೆ: ‘ಮೆಂಬರೇ, ಶಾಲೆಯ ಹಿಂದಿನ ಮೂರು ಮನೆ. ನಾಳೆ ಬೆಳಿಗ್ಗೆ ಆಶಾ ಬರ್ತಾರೆ, ನೀವೂ ಬನ್ನಿ.’ ರೋಗಿಯ ಹೆಸರು ಹೇಳುವುದಿಲ್ಲ, ಹೇಳಬಾರದು. ಎಚ್‌ಐವಿಯಂಥದ್ದರಲ್ಲಂತೂ ಒಪ್ಪಿಗೆಯಿಲ್ಲದೆ ಹೆಸರು ಹೊರಗೆ ಬಿಡುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ‘ನನ್ನ ವಾರ್ಡಿನವರಲ್ವಾ, ನನಗೆ ಹೇಳಿದರೆ ಏನು’ ಎಂದು ಹೊಸ ಮೆಂಬರುಗಳು ಸಿಟ್ಟಾಗುವುದೂ ಉಂಟು.

ಗಡಿಯ ಗಂಟು ಇರುವುದು ಮುಂದೆ. ಗಡಿ ಪಂಚಾಯತುಗಳಾದ ಮಂಜೇಶ್ವರ, ವರ್ಕಾಡಿ, ಮೀಂಜದವರು ಜ್ವರ ಜೋರಾದರೆ ಕರ್ನಾಟಕದ ದೇರಳಕಟ್ಟೆಗೆ ಅಥವಾ ಮಂಗಳೂರಿಗೆ ಹೋಗುತ್ತಾರೆ. ಜಿಲ್ಲಾ ಆಸ್ಪತ್ರೆಯಿರುವ ಕಾಞಂಗಾಡು ಅವರಿಗೆ ದೂರ. ಕೊರೋನಾ ಬಂದ 2020ರ ಮಾರ್ಚಿನಲ್ಲಿ ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಈ ಜಿಲ್ಲೆ ಎಷ್ಟು ಮಂಗಳೂರನ್ನೇ ನಂಬಿದೆ ಎಂಬುದು ದೇಶಕ್ಕೇ ಗೊತ್ತಾಯಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಪತ್ತೆಯಾದ ಡೆಂಗಿ ಮೊದಲು ದಕ್ಷಿಣ ಕನ್ನಡದ ಲೆಕ್ಕಕ್ಕೆ ಹೋಗುತ್ತದೆ. ವಿಳಾಸ ನೋಡಿ ಅವರು ಕಾಸರಗೋಡಿಗೆ ತಿಳಿಸಬೇಕು, ಕಾಸರಗೋಡಿನಿಂದ ಪಂಚಾಯತಿಗೆ ಬರಬೇಕು. ದಾಖಲಾಗುವಾಗ ರೋಗಿ ಕೊಟ್ಟದ್ದು ಮಂಗಳೂರಿನ ನೆಂಟರ ಮನೆಯ ವಿಳಾಸವಾದರೆ ಬರುವುದೇ ಇಲ್ಲ.

ತಡವಾದರೆ ಏನು ನಷ್ಟ ಎಂಬುದಕ್ಕೆ ನುಸಿಯ ದಿನಗಳನ್ನು ಎಣಿಸಿ. (ನುಸಿ ಎಂದರೆ ನಿಮ್ಮ ಸೊಳ್ಳೆ.) ಮೊಟ್ಟೆ ಹಾರುವ ನುಸಿಯಾಗಲು 7ರಿಂದ 10 ದಿನ. ರೋಗಿಯನ್ನು ಕಚ್ಚಿದ ನುಸಿ ಇನ್ನೊಬ್ಬರಿಗೆ ಡೆಂಗಿ ದಾಟಿಸುವಂತಾಗಲು ಸುಮಾರು 8ರಿಂದ 12 ದಿನ. ಮೊದಲ ಜ್ವರದ ಸುದ್ದಿ ಎರಡು ದಿನದೊಳಗೆ ಸಿಕ್ಕಿದರೆ ಆ ಮನೆಯ ಸುತ್ತ ನೀರು ಚೆಲ್ಲಿ ಮುಗಿಸಬಹುದು. ಸರಕಾರಿ ದಾರಿಯಲ್ಲಿ ಹತ್ತು ದಿನ ಸುತ್ತಿ ಬಂದರೆ ಪಕ್ಕದ ಮನೆಯಲ್ಲಿ ಆಗಲೇ ಜ್ವರದವರಿಗೆ ಚಾಪೆ ಹಾಸಿರುತ್ತಾರೆ. ಆದುದರಿಂದಲೇ ಮೆಂಬರಿಗೆ ಫೋನ್. ಆರೋಗ್ಯ ಇಲಾಖೆ ಮೆಂಬರಿಗೆ ತಿಳಿಸುವುದಕ್ಕಿಂತ ಮೊದಲು ಮೆಂಬರ್ ಇಲಾಖೆಗೆ ತಿಳಿಸುವುದೇ ಇಲ್ಲಿ ಹೆಚ್ಚು. ಮಂಗಳೂರಿನಿಂದ ಯಾರು ಡಿಸ್ಚಾರ್ಜ್ ಆಗಿ ಬಂದರು ಎಂಬುದು ಪೋರ್ಟಲಿಗೆ ಮುಂಚೆ ಹಾಲಿನ ಸೊಸೈಟಿಯಲ್ಲಿ ಗೊತ್ತಾಗುತ್ತದೆ.

ಮೆಂಬರ್ ಕೇಳಿ ತಿಳಿಯಬೇಕಾದ ಒಂದು ಲೆಕ್ಕವಿದೆ. ಆಶಾ ತಂಡ 50 ಮನೆ ನೋಡಿತು, ನುಸಿ ಮರಿಗಳಿರುವ 12 ಪಾತ್ರೆ ಸಿಕ್ಕಿದವು ಎನ್ನಿ. 100 ಮನೆಗೆ ಹಿಗ್ಗಿಸಿದರೆ 24. ಇದಕ್ಕೆ ಬ್ರೆಟೊ ಸೂಚ್ಯಂಕ ಎನ್ನುತ್ತಾರೆ, 20 ದಾಟಿದರೆ ಅಪಾಯ. ಆದರೆ ಆ 12 ಪಾತ್ರೆಗಳು ಇದ್ದದ್ದು ಮೂರೇ ಮನೆಯಲ್ಲಾದರೆ ಮನೆಗಳ ಸೂಚ್ಯಂಕ (ಮರಿ ಸಿಕ್ಕಿದ ಮನೆಗಳ ಪಾಲು) ಶೇ. 6 ಮಾತ್ರ. ಆಗ ವಾರ್ಡಿಡೀ ಮೈಕ್ ಕಟ್ಟಿ ಕೂಗುವ ಅಗತ್ಯವಿಲ್ಲ, ಆ ಮೂರು ತೋಟಕ್ಕೆ ಹೋಗಿ ಧನಿಗಳನ್ನು ಮಾತಾಡಿಸಬೇಕು. ಒಂದೇ ಅಂಕಿ ಕೊಟ್ಟು ಇನ್ನೊಂದನ್ನು ಬಿಟ್ಟರೆ ಮೆಂಬರ್ ತಪ್ಪು ಕಡೆಗೆ ಓಡುತ್ತಾರೆ. ನಮ್ಮಲ್ಲಿ ನೀರು ನಿಲ್ಲುವ ಜಾಗಗಳೂ ಬೇರೆ: ಉದುರಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಹಾಲಿಗೆ ಕಟ್ಟಿದ ಗೆರಟೆ (ತೆಂಗಿನ ಚಿಪ್ಪು), ಅಡಿಕೆಗೆ ಬೋರ್ಡೋ ಮದ್ದು ಬಿಡಲೆಂದು ತೋಟದ ನಡುವೆ ನೀರು ತುಂಬಿಸಿಟ್ಟ ಡ್ರಮ್ಮು. ಶುಕ್ರವಾರ ಶಾಲೆ, ಶನಿವಾರ ಕಚೇರಿ, ಭಾನುವಾರ ಮನೆ ಎಂದು ಕೇರಳದಲ್ಲಿ ಡ್ರೈ ಡೇ (ನಿಂತ ನೀರು ಚೆಲ್ಲುವ ದಿನ) ಪಾಠ ಇದೆ. ಮನೆಯಂಗಳದ ಚಟ್ಟಿ ಕವುಚುತ್ತಾರೆ, ತೋಟದ ಕೊನೆಯ ತನಕ ಯಾರೂ ಹೋಗುವುದಿಲ್ಲ.

ಜನ ಮೆಂಬರಲ್ಲಿ ಕೇಳುವುದು ಮಾತ್ರ ಫಾಗಿಂಗ್. ಹೊಗೆ ಕಾಣುತ್ತದೆ, ಸದ್ದಾಗುತ್ತದೆ, ಫೋಟೋಗೂ ಒಳ್ಳೆಯದು. ಆದರೆ ಹೊಗೆಗೆ ಸಾಯುವುದು ಹಾರುತ್ತಿರುವ ನುಸಿ ಮಾತ್ರ. ಗೆರಟೆಯ ನೀರಿನಲ್ಲಿರುವ ಮರಿ ಕೆಲವೇ ದಿನದಲ್ಲಿ ರೆಕ್ಕೆ ಬಿಚ್ಚುತ್ತದೆ. ರೋಗಿಯ ಮನೆಯ ಸುತ್ತ, ನೀರು ಚೆಲ್ಲಿದ ಮೇಲೆ ಹೊಗೆ ಬಿಟ್ಟರೆ ಉಪಯೋಗ. ಇದನ್ನು ಡಾಕ್ಟರರು ಪಂಚಾಯತ್ ಸಭೆಯಲ್ಲಿ ಬಾಯಿಬಿಟ್ಟು ಹೇಳದಿದ್ದರೆ ಮೆಂಬರ್ ಒಬ್ಬರೇ ವೋಟಿನವರ ಎದುರು ಹೇಳುವುದು ಕಷ್ಟ.

ಬಾವಿಯದ್ದೂ ಹಾಗೆಯೇ. ಅರಸಿನ ಮುಂಡಿಗೆ (ಕಾಮಾಲೆ) ಎದ್ದಿತು ಎಂದ ಕೂಡಲೇ ಬ್ಲೀಚಿಂಗ್ ಪೌಡರ್ ಹಂಚುತ್ತಾರೆ, ಅಳತೆ ಹೇಳುವವರು ಕಡಿಮೆ. ಸಾಮಾನ್ಯವಾಗಿ 1,000 ಲೀಟರಿಗೆ 2.5 ಗ್ರಾಂ, ರೋಗ ಹಬ್ಬಿದಾಗ 5 ಗ್ರಾಂ. ಬಾವಿಯ ಅಗಲವನ್ನು ಅಗಲದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ, ಅಳತೆ ಮೀಟರಿನಲ್ಲಿರಲಿ. 3 ಮೀಟರ್ ಅಗಲ, 4 ಮೀಟರ್ ನೀರು ಇದ್ದರೆ ಸುಮಾರು 28,000 ಲೀಟರ್, ಅಂದರೆ 70 ಗ್ರಾಂ, ರೋಗದ ಹೊತ್ತಿನಲ್ಲಿ 140 ಗ್ರಾಂ. ಪೌಡರನ್ನು ಬಕೆಟ್ಟಿನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಅದನ್ನು ನೀರಿನೊಳಗೆ ಇಳಿಸಿ ಎತ್ತಿ ಇಳಿಸಿ ಕಲಕಬೇಕು. ಒಂದು ಗಂಟೆ ನೀರು ಎಳೆಯಬಾರದು. ಬಾಯಿ ತೆರೆದಿಟ್ಟ ಚೀಲದ ಪೌಡರಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಎಷ್ಟು ಸುರಿದರೂ ಸುಣ್ಣ ಹಾಕಿದ ಹಾಗೆ. ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಬಿಲದ) ನೀರು ಕುಡಿಯುವ ಮನೆಗಳಿಗೆ ಈ ಲೆಕ್ಕ ಹೊಂದುವುದೇ ಇಲ್ಲ. ಗುಡ್ಡದೊಳಗಿಂದ ನೀರು ಹರಿದು ಬರುತ್ತಲೇ ಇರುವಾಗ ಸುರಂಗದ ಬಾಯಿಗೆ ಮದ್ದು ಹಾಕಿದರೆ ಗಳಿಗೆಯಲ್ಲಿ ತೊಳೆದುಹೋಗುತ್ತದೆ. ಮನೆಯ ಟಾಂಕಿಗೆ ಅಳೆದು ಹಾಕಬೇಕು, ಇಲ್ಲವೇ ಕುದಿಸಿ ಕುಡಿಯಬೇಕು. ತಿರುವನಂತಪುರದಲ್ಲಿ ಅಚ್ಚಾದ ಸೂಚನೆಯಲ್ಲಿ ಸುರಂಗ ಇರುವುದಿಲ್ಲ.

ಆ ಸೂಚನೆಯ ಭಾಷೆಯೂ ಒಂದು ತೊಡಕು. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡದಲ್ಲೂ ಕಾಗದ ಸಿಗಬೇಕೆಂಬುದು ಭಾಷಾ ಅಲ್ಪಸಂಖ್ಯಾತರ ಹಕ್ಕು. ನಡೆಯುವುದು ಹೀಗೆ: ಸುತ್ತೋಲೆ ಮಲಯಾಳದಲ್ಲಿ ಮೊಬೈಲಿಗೆ ಬರುತ್ತದೆ, ಕನ್ನಡದ್ದು ಬಂದರೆ ಆಮೇಲೆ. ‘ಉರವಿಡ ನಶೀಕರಣಂ’ ಎಂದು ಓದಿದ ಕನ್ನಡದ ಮೆಂಬರಿಗೆ ಅದು ನೀರು ನಿಲ್ಲುವ ತಾಣಗಳ ನಾಶ ಎಂದು ಹೊಳೆಯಲು ಹೊತ್ತು ಬೇಕು. ಮಲಯಾಳದಲ್ಲಿ ‘ಪನಿ’ ಎಂದರೆ ಜ್ವರ, ತುಳುವಿನಲ್ಲಿ ತುಂತುರು ಮಳೆ. ‘ಎಲಿಪ್ಪನಿ’ ಇಲಿಜ್ವರ ಎಂಬುದು ಎಲ್ಲರಿಗೂ ಗೊತ್ತು, ಆದರೆ ಕೆಸರಿನಲ್ಲಿ ಕೆಲಸ ಮಾಡುವವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್, ಖಾಲಿ ಹೊಟ್ಟೆಯಲ್ಲಿ ಬೇಡ ಎಂಬ ಕೊನೆಯ ಸಾಲು ಅನುವಾದದಲ್ಲಿ ತಪ್ಪಿದರೆ ಹೊಟ್ಟೆಯುರಿ ಬಂದು ಜನ ಮಾತ್ರೆ ಬಿಸಾಡುತ್ತಾರೆ. ತಿಳಿದ ಸಿಸ್ಟರುಗಳು ಗ್ರಾಮಸಭೆಯಲ್ಲಿ ಕಾಗದ ಓದುವುದಿಲ್ಲ, ತುಳುವಿನಲ್ಲಿ ಹೇಳುತ್ತಾರೆ.

ಮೆಂಬರಿಂದ ಇಲಾಖೆಗೆ ಆಗುವ ತೊಂದರೆಯನ್ನೂ ಹೇಳಬೇಕಲ್ಲ. ಹೋಟೆಲಿನ ಕೊಳಚೆ ತೋಡಿಗೆ ಬಿಟ್ಟಿದ್ದಾರೆ, ಜೆಎಚ್‌ಐ ನೋಟೀಸು ಬರೆದರು. ಸಂಜೆಗೆ ಮೆಂಬರ ಫೋನು: ‘ನಮ್ಮವರೇ ಸಾರ್, ಸ್ವಲ್ಪ ನೋಡಿ.’ ಅನುಭವಸ್ಥರು ಇದಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ. ನೋಟೀಸಿಗೆ ಮೊದಲು ಮೆಂಬರನ್ನೇ ಕರೆದುಕೊಂಡು ಹೋಗಿ ತೋಡು ತೋರಿಸುತ್ತಾರೆ. ಕಣ್ಣಾರೆ ಕಂಡ ಮೇಲೆ ಫೋನು ಬರುವುದು ಕಡಿಮೆ.

ಯೋಜನೆಯ ಕಡೆಗೆ ಬಂದರೆ, ಆರೋಗ್ಯದ ಕಾರ್ಯಗುಂಪು, ಗ್ರಾಮಸಭೆ, ಅಭಿವೃದ್ಧಿ ಸೆಮಿನಾರ್, ಜಿಲ್ಲಾ ಯೋಜನಾ ಸಮಿತಿ ಎಂಬ ಮೆಟ್ಟಿಲುಗಳನ್ನು ಹತ್ತಿ ಹಣ ಬರುತ್ತದೆ, ಮಾರ್ಚ್ 31ಕ್ಕೆ ವರ್ಷ ಮುಗಿಯುತ್ತದೆ. ಡಾಕ್ಟರರು ಮದ್ದಿನ ಪಟ್ಟಿಯನ್ನು ‘ಮದ್ದು ಖರೀದಿ’ ಎಂದು ಒಂದೇ ಸಾಲಿನಲ್ಲಿ ಕೊಟ್ಟರೆ ಮೆಂಬರುಗಳು ಆ ಸಾಲಿನಿಂದ ಕತ್ತರಿಸಿ ರಸ್ತೆಗೆ ಹಾಕುತ್ತಾರೆ. ಬಿಪಿ, ಸಕ್ಕರೆ ಕಾಯಿಲೆಯವರು ಎಷ್ಟು, ತಿಂಗಳಿಗೆ ಮಾತ್ರೆ ಎಷ್ಟು, ಯಾವ ತಿಂಗಳಲ್ಲಿ ಮುಗಿಯುತ್ತದೆ ಎಂದು ಬಿಡಿಸಿ ಕೊಟ್ಟಲ್ಲಿ ಕತ್ತರಿ ಹಾಕಲು ಕೈ ನಡುಗುತ್ತದೆ. ಗೇರು ತೋಟಕ್ಕೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕ ಬಿದ್ದ ಎಣ್ಮಕಜೆ, ಬೆಳ್ಳೂರಿನಂಥ ಪಂಚಾಯತುಗಳಲ್ಲಿ ಪಾಲಿಯೇಟಿವ್ ಯೋಜನೆಗೆ ಯಾರೂ ಎದುರಾಡುವುದಿಲ್ಲ. ಅಲ್ಲಿ ಹಾಸಿಗೆಯಲ್ಲಿರುವವರ ಮನೆ ಪ್ರತಿ ಮೆಂಬರಿಗೂ ಗೊತ್ತು.

ಚುನಾವಣೆ ನಮ್ಮಲ್ಲಿ ಡಿಸೆಂಬರಿನಲ್ಲಿ. 2020ರಲ್ಲೂ ಹಾಗೆ, 2025ರಲ್ಲೂ ಹಾಗೆ. ಗೆದ್ದವರಿಗೆ ತೃಶೂರಿನ ಕಿಲಾ ಸಂಸ್ಥೆಯ ತರಬೇತಿ ಇದೆ, ಆದರೆ ಬಾವಿ ಅಳೆಯುವುದನ್ನು ಕಲಿಯಲು ಮಳೆಗೆ ಮುಂಚಿನ ಐದು ತಿಂಗಳು ಮಾತ್ರ.

ನೀವು ಇಲ್ಲಿಗೆ ಮನೆ ಮಾಡಿ ಬಂದು ಜ್ವರ ಹಿಡಿದರೆ ಮೆಂಬರಿಗೆ ಹೇಳಬೇಕಾದ್ದು ನಾಲ್ಕು ಮಾತು: ಜ್ವರ ಶುರುವಾದ ತಾರೀಕು, ಮನೆ ನಂಬರು, ಅದಕ್ಕೆ ಮುಂಚಿನ ಎರಡು ವಾರ ಎಲ್ಲಿದ್ದಿರಿ, ಡೆಂಗಿಯ ರಕ್ತ ಪರೀಕ್ಷೆಯಲ್ಲಿ ಬಂದದ್ದು ಎನ್‌ಎಸ್1 ಅಥವಾ ಐಜಿಎಂ. ಎನ್‌ಎಸ್1 ಆದರೆ ಜ್ವರ ಹೊಸದು, ಸುತ್ತಲಿನ ಮನೆಗಳಿಗೆ ಅದೇ ದಿನ ಹೋಗುತ್ತಾರೆ. ಐಜಿಎಂ ಆದರೆ ಐದಾರು ದಿನ ಕಳೆದಿದೆ ಎಂದು ಅರ್ಥ, ಜ್ವರ ಬಂದವರು ಇನ್ನೂ ಇದ್ದಾರೆಯೇ ಎಂದು ಆಶಾ ಮನೆಮನೆ ಕೇಳುತ್ತಾ ಬರುತ್ತಾರೆ. ಮಂಗಳೂರಿನ ಆಸ್ಪತ್ರೆಯಲ್ಲಿ ವಿಳಾಸ ಬರೆಸುವಾಗ ಕಾಸರಗೋಡಿನ ಪಂಚಾಯತಿನ ಹೆಸರನ್ನೇ ಬರೆಸಿ.